ನಮ್ಮವರು ಊರಿಗೆ ಬಂದ ಮೇಲೆ

ದಸರಾ ರಜೆ ಮುಗಿಸಿ ಬಂದ ಪತ್ರಿಕೋದ್ಯಮದ ಮಕ್ಕಳಿಗೆ ಪ್ರತಿ ವರ್ಷ ನಾನೊಂದು ಕೆಲಸ ಕೊಡುತ್ತೇನೆ. ಗ್ರಂಥಾಲಯದ ಪೇಪರ್ ಕಟಿಂಗ್ ಫೈಲಿನಿಂದ ಎರಡು ವರ್ಷಕ್ಕಿಂತ ಹಳೆಯದಾದ ಒಂದು ದೊಡ್ಡ ಸುದ್ದಿ ಆರಿಸಿಕೊಳ್ಳಬೇಕು. ಆಮೇಲೇನಾಯಿತು ಎಂದು ಹುಡುಕಿ ಬರೆಯಬೇಕು. ಅಷ್ಟೇ. ಕುಸಿದ ಸೇತುವೆ, ಅರ್ಧಕ್ಕೆ ನಿಂತ ಕೆರೆ ಹೂಳೆತ್ತುವ ಕೆಲಸ, ಯಾವುದೋ ಮಂತ್ರಿ ಕೊಟ್ಟ ಮಾತು, ಹೀಗೆ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರಬಹುದಾದದ್ದನ್ನೇ ಹೆಚ್ಚಿನವರು ಆರಿಸುತ್ತಾರೆ. 2025ರ ಅಕ್ಟೋಬರಿನಲ್ಲಿ ಚನ್ನಗಿರಿ ಕಡೆಯ ಹುಡುಗಿಯೊಬ್ಬಳು ಸುಡಾನ್ ಆರಿಸಿಕೊಂಡಳು.

“ಅಷ್ಟು ದೂರ ಯಾಕಮ್ಮ?” ಅಂದೆ.

“ಇದರಲ್ಲಿ ನಮ್ಮ ತಾಲ್ಲೂಕಿನ ಹೆಸರಿದೆ ಮೇಡಂ.”

ಇತ್ತು. ಅದು 2023ರ ಏಪ್ರಿಲ್ ಮೂರನೇ ವಾರದ ಕಟಿಂಗ್. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಸುಡಾನಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂಬ ಸುದ್ದಿ. ಹಕ್ಕಿ ಹಿಡಿಯುವುದೇ ಕಸುಬಾಗಿದ್ದ ಈ ಜನಕ್ಕೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿತು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತ ಊರೂರು ತಿರುಗಿದರು, ಆಮೇಲೆ ದೇಶ ದೇಶ ತಿರುಗಿದರು. ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ, ಹೊರಗೆ ಕನ್ನಡ, ಹಿಂದಿ, ಹೋದಲ್ಲಿ ಆ ಊರಿನ ಒಂದಿಷ್ಟು ಮಾತು. ನಮ್ಮಲ್ಲಿ ಅನೇಕರು ಭೂಪಟದಲ್ಲೂ ಹುಡುಕಲಾರದ ಊರಿನಲ್ಲಿ ಅವರು ಬಾಡಿಗೆ ಮನೆ ಮಾಡಿಕೊಂಡು ಎಣ್ಣೆ ಮಾರುತ್ತಿದ್ದರು. ಕಟಿಂಗ್‌ನಲ್ಲಿ ಆ ಊರಿನ ಹೆಸರು “ಅಲ್ ಫಶೀರ್” ಎಂದಿತ್ತು.

ಆ ದಿನಗಳು ನಿಮಗೂ ನೆನಪಿರಬಹುದು. ವಿಧಾನಸಭೆ ಚುನಾವಣೆಗೆ ಮೂರು ವಾರ ಉಳಿದಿತ್ತು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿಯೇ ಉತ್ತರಿಸಿದರು, ಸುಡಾನಿನ ಸುದ್ದಿ ಎರಡು ದಿನ ಟ್ವೀಟ್ ಜಗಳದ ಸುದ್ದಿಯಾಯಿತು. ಏಪ್ರಿಲ್ 24ಕ್ಕೆ ‘ಆಪರೇಷನ್ ಕಾವೇರಿ’ ಶುರುವಾಯಿತು. ಪೋರ್ಟ್ ಸುಡಾನಿನಿಂದ ಹಡಗು ಮತ್ತು ವಿಮಾನದಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ. ಕೆಲವೇ ದಿನಗಳಲ್ಲಿ 3,862 ಭಾರತೀಯರು ಮನೆ ಸೇರಿದರು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮೇ ಹತ್ತಕ್ಕೆ ಮತದಾನವಾಯಿತು. ನಮ್ಮ ಫೈಲಿನಲ್ಲಿ ಸುಡಾನಿನ ಕಟಿಂಗ್‌ಗಳೂ ಅಲ್ಲಿಗೇ ಮುಗಿದಿವೆ.

ಹುಡುಗಿ ಹಕ್ಕಿಪಿಕ್ಕಿ ಕ್ಯಾಂಪಿಗೂ ಹೋಗಿ ಮಾತಾಡಿಸಿಕೊಂಡು ಬಂದಳು. ಅವರು ಹೇಳಿದ್ದು ಅವಳ ವರದಿಯ ಸ್ವತ್ತು, ನಾನದನ್ನು ಇಲ್ಲಿ ಮುಟ್ಟುವುದಿಲ್ಲ. ಅವಳ ಜೊತೆ ಕೂತು ನಾನೂ ಕಲಿತದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಮೊದಲ ವಾರ ಅವಳು ತಂದ ಪುಟಗಳಲ್ಲಿ ಜಗಳವಾಡುವ ಇಬ್ಬರು ಜನರಲ್‌ಗಳಿದ್ದರು. ಸೇನೆಯ ಮುಖ್ಯಸ್ಥ ಅಬ್ದೆಲ್ ಫತ್ತಾಹ್ ಬುರ್ಹಾನ್. ರ‍್ಯಾಪಿಡ್ ಸಪೋರ್ಟ್ ಫೋರ್ಸಸ್ ಎಂಬ ಅರೆಸೇನಾ ಪಡೆಯ ಒಡೆಯ ಮೊಹಮ್ಮದ್ ಹಮ್ದಾನ್ ದಗಾಲೊ, ಜನರ ಬಾಯಲ್ಲಿ ‘ಹೆಮೆದ್ತಿ’. ಇಬ್ಬರೂ ಸೇರಿ 2021ರ ಅಕ್ಟೋಬರ್ 25ರಂದು ನಾಗರಿಕ ಸರ್ಕಾರವನ್ನು ಕಿತ್ತೊಗೆದರು. ಆಮೇಲೆ ಅರೆಸೇನಾ ಪಡೆಯನ್ನು ಸೇನೆಯಲ್ಲಿ ವಿಲೀನ ಮಾಡುವ ಮಾತು ಬಂತು. ಎರಡು ವರ್ಷದಲ್ಲಿ ಆಗಬೇಕು ಎಂದಿತು ಸೇನೆ. ಹತ್ತು ವರ್ಷ ಬೇಕು ಎಂದ ಹೆಮೆದ್ತಿ. 2023ರ ಏಪ್ರಿಲ್ 15, ರಂಜಾನ್ ತಿಂಗಳ ಕೊನೆಯ ವಾರ, ಶನಿವಾರ ಬೆಳಗ್ಗೆ ರಾಜಧಾನಿ ಖಾರ್ಟೂಮಿನಲ್ಲಿ ಗುಂಡು ಹಾರಿತು.

“ಭಸ್ಮಾಸುರನ ಕತೆ ಮೇಡಂ,” ಎಂದು ಅವಳು ಬರೆದಿದ್ದಳು. ಆ ಸಾಲು ಹೊಡೆದು ಹಾಕಿದೆ, ಎಲ್ಲರೂ ಬರೆಯುವ ಸಾಲು ಅದು. ಆಮೇಲೆ ಓದುತ್ತ ಹೋದ ಹಾಗೆ ಹೊಡೆದದ್ದು ತಪ್ಪಾಯಿತೇನೋ ಅನ್ನಿಸಿತು. ವರ ಕೊಟ್ಟವರು ಯಾರು, ಕೇಳಿದ್ದೇನು ಎನ್ನುವುದು ಅಷ್ಟು ಕರಾರುವಾಕ್ಕಾಗಿ ಹೊಂದುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಮೋಹಿನಿ ಬರಲಿಲ್ಲ.

ಆ ವರದ ಕತೆ ತಿಳಿಯಲು ದಾರ್ಫುರಕ್ಕೆ ಹೋಗಬೇಕು. ಸುಡಾನಿನ ಪಶ್ಚಿಮದ ತುದಿ. ನಮ್ಮ ಕರ್ನಾಟಕದಂಥ ಎರಡೂವರೆ ರಾಜ್ಯ ಹಿಡಿಯುವಷ್ಟು ವಿಸ್ತಾರ. ‘ದಾರ್’ ಎಂದರೆ ಮನೆ, ನೆಲೆ. ಫುರ್ ಜನರ ನೆಲೆ ದಾರ್ಫುರ್. 1916ರಲ್ಲಿ ಬ್ರಿಟಿಷರು ಸುಲ್ತಾನ ಅಲಿ ದಿನಾರನನ್ನು ಸೋಲಿಸುವವರೆಗೆ ಅದೊಂದು ಸ್ವತಂತ್ರ ರಾಜ್ಯ. ಆ ರಾಜ್ಯದ ರಾಜಧಾನಿ ಅಲ್-ಫಾಶರ್. ಅಲ್ಲಿ ನೆಲ ಉಳುವವರೂ ಇದ್ದರು, ಒಂಟೆ ದನ ಹೊಡೆದುಕೊಂಡು ಸಾವಿರ ಮೈಲಿ ತಿರುಗುವವರೂ ಇದ್ದರು. ಕೊಯ್ಲು ಮುಗಿದ ಹೊಲಕ್ಕೆ ಅಲೆಮಾರಿಗಳ ಹಿಂಡು ಬಂದು ಕೂಳೆ ಮೇಯುತ್ತಿತ್ತು, ಗೊಬ್ಬರ ಹಾಕಿ ಮುಂದೆ ಹೋಗುತ್ತಿತ್ತು. ನಮ್ಮ ಬಯಲುಸೀಮೆಯಲ್ಲಿ ಕುರುಬರ ಮಂದೆಯನ್ನು ಹೊಲದಲ್ಲಿ ತರುಬಿಸಿ, ರಾತ್ರಿಗಿಷ್ಟು ಎಂದು ಕಾಳು ಅಳೆದು ಕೊಡುತ್ತಿದ್ದ ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಗಳ ಆಗುತ್ತಿರಲಿಲ್ಲವೆಂದಲ್ಲ. ಆಗುತ್ತಿತ್ತು, ಹಿರಿಯರು ಕೂತು ಬಗೆಹರಿಸುತ್ತಿದ್ದರು.

ಮಳೆ ಕೈಕೊಡುತ್ತ ಬಂತು. 1984–85ರ ಬರ ಎರಡೂ ಕಡೆಯವರ ಬೆನ್ನು ಮುರಿಯಿತು. ಒಂಟೆ ಸತ್ತವರು ದಕ್ಷಿಣಕ್ಕೆ ಇಳಿದರು, ಹೊಲದವರು ಬೇಲಿ ಹಾಕಿದರು, ಗಡಿಯಾಚೆಯ ಲಿಬಿಯಾ ಮತ್ತು ಚಾಡ್ ದೇಶಗಳ ಕದನದಿಂದ ಬಂದೂಕುಗಳು ಅಗ್ಗವಾಗಿ ಹರಿದು ಬಂದವು. ಇದರ ಜೊತೆಗೆ ‘ಅರಬರು’, ‘ಆಫ್ರಿಕನ್ನರು’ ಎಂಬ ಎರಡು ಪದಗಳು. ಎರಡೂ ಕಡೆಯವರು ಮುಸ್ಲಿಮರು, ಎರಡೂ ಕಡೆಯವರ ಮೈಬಣ್ಣ ಕಪ್ಪು, ತಲೆಮಾರುಗಳಿಂದ ಕೊಟ್ಟು ತಂದ ಸಂಬಂಧಗಳೂ ಇದ್ದವು. ಆದರೂ ರಾಜಕೀಯ ಆ ಪದಗಳಿಗೆ ಗೋಡೆಯ ಗಟ್ಟಿತನ ಕೊಟ್ಟಿತು. ಖಾರ್ಟೂಮ್ ನಮ್ಮನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದು ಫುರ್, ಮಸಾಲಿತ್, ಝಗಾವಾ ಯುವಕರು 2003ರಲ್ಲಿ ದಂಗೆಯೆದ್ದರು. ಏಪ್ರಿಲಿನಲ್ಲಿ ಅಲ್-ಫಾಶರ್ ವಿಮಾನ ನಿಲ್ದಾಣಕ್ಕೆ ನುಗ್ಗಿ ಸೇನೆಯ ವಿಮಾನಗಳನ್ನು ಸುಟ್ಟರು.

ಸರ್ವಾಧಿಕಾರಿ ಒಮರ್ ಅಲ್-ಬಶೀರ್ ಕೈಯಲ್ಲಿದ್ದ ಸೇನೆ ಆಗ ದೇಶದ ದಕ್ಷಿಣ ಭಾಗದ ಯುದ್ಧದಲ್ಲಿ ಸೋತು ಸುಣ್ಣವಾಗಿತ್ತು. ಜನ ಸಾಲದಾಗಿ ಅಲೆಮಾರಿ ಅರಬ ಗುಂಪುಗಳಿಗೆ ಕುದುರೆ, ಒಂಟೆ, ಬಂದೂಕು ಕೊಟ್ಟು ಹಳ್ಳಿಗಳ ಮೇಲೆ ಬಿಟ್ಟರು. ಸಿಕ್ಕಿದ್ದೆಲ್ಲ ನಿಮ್ಮದು ಎಂಬುದೇ ಅವರ ಸಂಬಳ. ಅವರೇ ಜಂಜಾವೀದ್. ವಿಶ್ವಸಂಸ್ಥೆಯ ಅಂದಾಜಿನಲ್ಲಿ ಸುಮಾರು 3 ಲಕ್ಷ ಜನ ಸತ್ತರು, 25 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2009ರಲ್ಲಿ ಬಶೀರ್ ಬಂಧನಕ್ಕೆ ವಾರಂಟ್ ಹೊರಡಿಸಿತು, ಮರುವರ್ಷ ಅದಕ್ಕೆ ನರಮೇಧದ ಆರೋಪವನ್ನೂ ಸೇರಿಸಿತು. ವಾರಂಟ್ ಇನ್ನೂ ಜಾರಿಯಾಗಿಲ್ಲ. ಜಂಜಾವೀದ್ ನಾಯಕರಲ್ಲಿ ಒಬ್ಬನಾದ ಅಲಿ ಕುಶೈಬ್ ಅಪರಾಧಿ ಎಂದು ಅದೇ ನ್ಯಾಯಾಲಯ ತೀರ್ಪು ಕೊಟ್ಟದ್ದು 2025ರ ಅಕ್ಟೋಬರಿನಲ್ಲಿ, ಇಪ್ಪತ್ತೆರಡು ವರ್ಷದ ಮೇಲೆ.

ಒಂಟೆ ವ್ಯಾಪಾರ ಮಾಡಿಕೊಂಡಿದ್ದ ಹೆಮೆದ್ತಿ ಬೆಳೆದದ್ದು ಈ ಜಂಜಾವೀದ್ ಗರಡಿಯಲ್ಲಿ. 2013ರಲ್ಲಿ ಆ ಗುಂಪುಗಳಿಗೆ ಸಮವಸ್ತ್ರ ತೊಡಿಸಿ ರ‍್ಯಾಪಿಡ್ ಸಪೋರ್ಟ್ ಫೋರ್ಸಸ್ ಎಂದು ಹೆಸರಿಟ್ಟದ್ದು ಬಶೀರ್ ಸರ್ಕಾರ. ತನ್ನ ಸೇನೆಯ ಮೇಲೂ ಅವನಿಗೆ ಭರವಸೆ ಇರಲಿಲ್ಲ, ಕಾವಲಿಗೆ ಇನ್ನೊಂದು ಬೇಕಿತ್ತು. ದಾರ್ಫುರದ ಜೆಬೆಲ್ ಆಮಿರ್ ಬೆಟ್ಟದ ಚಿನ್ನದ ಗಣಿಗಳು ಹೆಮೆದ್ತಿಯ ಕೈಸೇರಿದವು. ಚಿನ್ನ ಕೈಗೆ ಬಂದ ಮೇಲೆ ಒಡೆಯನ ಹಂಗು ಬೇಕಾಗಲಿಲ್ಲ.

ಸುಡಾನಿನ ಚಿನ್ನದ ಬಹುಪಾಲು ಹೋಗುವುದು ದುಬೈಗೆ. ಅಲ್ಲಿ ಕರಗಿ ಬಿಸ್ಕತ್ತಾಗಿ ಲೋಕದ ಪೇಟೆಗೆ ಹೊರಡುತ್ತದೆ, ನಮ್ಮ ಪೇಟೆಗೂ. ಯುದ್ಧ ಶುರುವಾದ ಒಂದು ವಾರಕ್ಕೆ, 2023ರ ಏಪ್ರಿಲ್ 22ಕ್ಕೆ, ನಮ್ಮಲ್ಲಿ ಅಕ್ಷಯ ತೃತೀಯ. ಆ ದಿನ ಕೊಂಡ ಗುಂಡಿನ ಸರದಲ್ಲಿ ಸುಡಾನ್ ಇತ್ತೇ ಇಲ್ಲವೇ, ಯಾವ ಅಕ್ಕಸಾಲಿಗನೂ ಹೇಳಲಾರ. ಕರಗಿದ ಚಿನ್ನಕ್ಕೆ ಊರಿಲ್ಲ. ಅರೆಸೇನಾ ಪಡೆಗೆ ಆಯುಧ ಕೊಟ್ಟ ಆರೋಪವನ್ನು ದುಬೈ ಇರುವ ದೇಶ ಯುಎಇ ಬಲವಾಗಿ ಅಲ್ಲಗಳೆಯುತ್ತ ಬಂದಿದೆ. ಸುಡಾನ್ ಸರ್ಕಾರ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ, ಈ ಮೊಕದ್ದಮೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದು 2025ರ ಮೇ ತಿಂಗಳಲ್ಲಿ ವಜಾ ಮಾಡಿತು. ಸೇನೆಯ ಬೆನ್ನಿಗೂ ಈಜಿಪ್ಟ್‌ನಂಥ ನೆಂಟರಿದ್ದಾರೆ, ಇರಾನಿನ ಡ್ರೋನ್‌ಗಳಿವೆ. ಅಂತರ್ಯುದ್ಧ ಎನ್ನುವ ಪದದಲ್ಲಿ ‘ಅಂತರ್’ ಎಷ್ಟು ಉಳಿದಿದೆ ಎಂದು ಹುಡುಗಿ ಮಾರ್ಜಿನಿನಲ್ಲಿ ಬರೆದುಕೊಂಡಿದ್ದಳು. ಆ ಸಾಲು ನಾನು ಹೊಡೆಯಲಿಲ್ಲ.

ಇಬ್ಬರು ಜನರಲ್‌ಗಳ ನಡುವೆ ಒಂದು ಕ್ರಾಂತಿ ಕೂಡ ಬಂದು ಹೋಯಿತು. ಅದನ್ನು ಬಿಟ್ಟರೆ ಸುಡಾನಿನ ಜನಕ್ಕೆ ಅನ್ಯಾಯ ಮಾಡಿದಂತೆ. 2018ರ ಡಿಸೆಂಬರಿನಲ್ಲಿ ರೊಟ್ಟಿಯ ಬೆಲೆ ಏರಿದಾಗ ರೈಲ್ವೆ ಕಾರ್ಮಿಕರ ಊರು ಅತ್ಬರಾದಲ್ಲಿ ಜನ ಬೀದಿಗಿಳಿದರು. ನಾಲ್ಕು ತಿಂಗಳಲ್ಲಿ, 2019ರ ಏಪ್ರಿಲ್ 11ರಂದು, ಮೂವತ್ತು ವರ್ಷ ಆಳಿದ ಬಶೀರ್ ಇಳಿದ. ಕಾರಿನ ಮೇಲೆ ನಿಂತು, ಬಿಳಿ ಸೆರಗು ಹೊದ್ದು, ಬೆರಳೆತ್ತಿ ಹಾಡುತ್ತಿದ್ದ ಆಲಾ ಸಲಾಹ್ ಎಂಬ ವಿದ್ಯಾರ್ಥಿನಿಯ ಫೋಟೋ ಆಗ ಜಗತ್ತೆಲ್ಲ ಹರಿದಾಡಿತು. ಜೂನ್ 3ರಂದು ಸೇನಾ ಕಚೇರಿಯ ಮುಂದೆ ಧರಣಿ ಕೂತಿದ್ದವರ ಮೇಲೆ ಗುಂಡು ಹಾರಿ ನೂರಕ್ಕೂ ಹೆಚ್ಚು ಜನ ಸತ್ತರು. ನದಿಗೆ ಎಸೆದ ಹೆಣಗಳು ನೈಲ್‌ನಲ್ಲಿ ತೇಲಿದವು. ಆ ಚಳವಳಿ ಗಲ್ಲಿ ಗಲ್ಲಿಯಲ್ಲಿ ಕಟ್ಟಿದ್ದ ಸಮಿತಿಗಳು ಮಾತ್ರ ಸಾಯಲಿಲ್ಲ. ಅವುಗಳ ಮಾತು ಮುಂದೆ ಬರುತ್ತದೆ.

ಯುದ್ಧದ ಮೊದಲ ಎರಡು ತಿಂಗಳು ಜಗತ್ತು ನೋಡಿದ್ದು ಖಾರ್ಟೂಮನ್ನು. ನೀಲಿ ನೈಲ್ ಮತ್ತು ಬಿಳಿ ನೈಲ್ ಕೂಡುವ ಸಂಗಮದ ಊರು ಅದು. ಅಲ್ಲಿ ರಾಯಭಾರಿಗಳಿದ್ದರು, ವಿಮಾನ ನಿಲ್ದಾಣವಿತ್ತು, ಕ್ಯಾಮೆರಾಗಳಿದ್ದವು. ಅದೇ ಹೊತ್ತಿಗೆ ಚಾಡ್ ಗಡಿಯ ಹತ್ತಿರದ ಎಲ್-ಜೆನೀನಾದಲ್ಲಿ ಅರೆಸೇನಾ ಪಡೆ ಮತ್ತು ಅದರ ಜೊತೆಗಾರ ಗುಂಪುಗಳು ಮಸಾಲಿತ್ ಜನರನ್ನು ಕೇರಿ ಕೇರಿ ಹುಡುಕಿ ಕೊಂದವು. ಪಶ್ಚಿಮ ದಾರ್ಫುರದ ಗವರ್ನರ್ ಖಮೀಸ್ ಅಬಕರ್ ಟಿವಿಗೆ ಸಂದರ್ಶನ ಕೊಟ್ಟು ಇದು ನರಮೇಧ ಎಂದರು, ಅಂದೇ ಅವರ ಕೊಲೆಯಾಯಿತು. ಅದು ಜೂನ್ 14. ಮರುದಿನದಿಂದ ಜನ ಮೂವತ್ತು ಕಿಲೋಮೀಟರ್ ದೂರದ ಚಾಡ್‌ನ ಗಡಿ ಊರು ಅದ್ರೆಗೆ ಓಡಿದರು. ಅಲ್ಲಿನ ಆಸ್ಪತ್ರೆಗೆ ಮೂರೇ ದಿನದಲ್ಲಿ ಎಂಟುನೂರಕ್ಕೂ ಹೆಚ್ಚು ಗಾಯಾಳುಗಳು ಬಂದರು. ಎಲ್-ಜೆನೀನಾ ಒಂದರಲ್ಲೇ 10,000ದಿಂದ 15,000 ಜನ ಸತ್ತಿರಬೇಕು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಆಮೇಲೆ ಅಂದಾಜು ಮಾಡಿತು. ಆ ಜೂನ್‌ನಲ್ಲಿ ನಾವು ಗ್ಯಾರಂಟಿ ಯೋಜನೆಗಳ ಚರ್ಚೆಯಲ್ಲಿದ್ದೆವು. ನಾನೂ ಇದ್ದೆ.

ಅದ್ರೆ ನಲವತ್ತು ಸಾವಿರ ಜನರ ಊರು. ಎರಡು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಬಂದು ಅದರ ಸುತ್ತ ಕೋಲು, ಬಟ್ಟೆ, ಹುಲ್ಲಿನ ಗುಡಿಸಲು ಹಾಕಿಕೊಂಡರು. ಚಾಡ್ ಜಗತ್ತಿನ ಅತಿ ಬಡ ದೇಶಗಳಲ್ಲೊಂದು. ಅದು ಗಡಿ ಮುಚ್ಚಲಿಲ್ಲ. 2003ರಿಂದ ಬಂದ ಸುಮಾರು 4 ಲಕ್ಷ ಜನ ಅಲ್ಲಿನ ಶಿಬಿರಗಳಲ್ಲಿ ಆಗಲೇ ಇದ್ದರು, ಅವರ ಮಕ್ಕಳು ಅಲ್ಲೇ ಹುಟ್ಟಿ ದೊಡ್ಡವರಾಗಿದ್ದರು. 2023ರಿಂದ ಈಚೆಗೆ ಇನ್ನೂ 8 ಲಕ್ಷಕ್ಕೂ ಹೆಚ್ಚು ಜನ ಬಂದರು. ಈಜಿಪ್ಟಿಗೆ ಹೋದವರು ಇದಕ್ಕಿಂತ ಹೆಚ್ಚು. ಆದರೆ 2023ರ ಜೂನ್‌ನಿಂದ ಎಲ್ಲ ಸುಡಾನಿಗಳಿಗೂ ವೀಸಾ ಬೇಕೆಂದು ಅದು ಬಾಗಿಲನ್ನು ಅರ್ಧ ಎಳೆದುಕೊಂಡಿತು. ದಕ್ಷಿಣ ಸುಡಾನಿನ ಕತೆ ಇನ್ನೂ ವಿಚಿತ್ರ. ತಮ್ಮ ದೇಶದ ಯುದ್ಧಕ್ಕೆ ಹೆದರಿ ಖಾರ್ಟೂಮಿಗೆ ಓಡಿಬಂದಿದ್ದವರೇ ಈಗ ಖಾರ್ಟೂಮಿನ ಯುದ್ಧಕ್ಕೆ ಹೆದರಿ ಅಲ್ಲಿಗೆ ಮರಳಿದರು. ಆ ಗಡಿ ದಾಟಿದವರಲ್ಲಿ ಅವರೇ ಹೆಚ್ಚು.

2025ರ ಹೊತ್ತಿಗೆ ಮನೆ ಬಿಟ್ಟವರ ಲೆಕ್ಕ 1.2 ಕೋಟಿ ದಾಟಿತ್ತು. ಬೆಂಗಳೂರಿಗೆ ಬೆಂಗಳೂರೇ ಎದ್ದು ಹೊರಟ ಹಾಗೆ. ಇವರಲ್ಲಿ ಗಡಿ ದಾಟಿದವರು ಸುಮಾರು 40 ಲಕ್ಷ. ಉಳಿದವರು ದೇಶದೊಳಗೇ ಊರಿಂದೂರಿಗೆ ಅಲೆಯುತ್ತಿದ್ದವರು. ಹುಡುಗಿ ಎಲ್ಲರನ್ನೂ ನಿರಾಶ್ರಿತರು ಎಂದೇ ಬರೆದಿದ್ದಳು. ಕಾನೂನು ಹಾಗೆನ್ನುವುದಿಲ್ಲ. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ಗಡಿ ದಾಟಿದವನು ಮಾತ್ರ ನಿರಾಶ್ರಿತ, ಅವನಿಗೆ ಹಕ್ಕುಗಳಿವೆ. ಗಡಿ ದಾಟದವನು ತನ್ನದೇ ಸರ್ಕಾರದ ಪ್ರಜೆ, ಅವನನ್ನು ಕಾಯಬೇಕಾದದ್ದು ಅದೇ ಸರ್ಕಾರ. ಓಡಿಸಿದ್ದು ಕಾಯಬೇಕಾದವರೇ ಆಗಿದ್ದರೆ? ಈ ಪ್ರಶ್ನೆ ಹಿಡಿದು ದೇಶದೊಳಗೆ ನೆಲೆ ತಪ್ಪಿದವರಿಗಾಗಿ ವಿಶ್ವಸಂಸ್ಥೆಯಲ್ಲಿ ಮಾರ್ಗಸೂತ್ರ ರೂಪಿಸುವ ಕೆಲಸಕ್ಕೆ ಮುಂದಾಳಾಗಿದ್ದವರು ಫ್ರಾನ್ಸಿಸ್ ಡೆಂಗ್. ಮಾರ್ಗಸೂತ್ರ ಬಂದದ್ದು 1998ರಲ್ಲಿ. ಡೆಂಗ್ ಹುಟ್ಟಿದ ಊರಿರುವುದು ಸುಡಾನ್, ದಕ್ಷಿಣ ಸುಡಾನ್ ಎರಡೂ ತಮ್ಮದೆನ್ನುವ ಅಬ್ಯೇಯಿ ಸೀಮೆಯಲ್ಲಿ. ಅಂದಹಾಗೆ, 1951ರ ಒಪ್ಪಂದಕ್ಕೆ ಭಾರತ ಇವತ್ತಿಗೂ ಸಹಿ ಹಾಕಿಲ್ಲ.

ಸತ್ತವರ ಲೆಕ್ಕ ಹಾಕುವುದೇ ಒಂದು ವಿದ್ಯೆ ಎಂದು ಗೊತ್ತಾದದ್ದೂ ಈ ಕೆಲಸದಲ್ಲೇ. ಆಸ್ಪತ್ರೆ ಮುಚ್ಚಿದೆ, ಕಚೇರಿ ಸುಟ್ಟಿದೆ, ಸ್ಮಶಾನಕ್ಕೆ ದಾರಿಯಿಲ್ಲದೆ ಹಿತ್ತಲಲ್ಲೇ ಹೂಳುತ್ತಾರೆ. ಲಂಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದರ ಸಂಶೋಧಕರು ಬೇರೆ ಬೇರೆ ಕಡೆಯಿಂದ ಬಂದ ಹೆಸರುಗಳ ಪಟ್ಟಿಗಳನ್ನು, ಫೇಸ್‌ಬುಕ್ಕಿನ ಶ್ರದ್ಧಾಂಜಲಿಗಳನ್ನೂ ಸೇರಿಸಿ, ಹೋಲಿಸಿ ನೋಡಿದರು. ಒಂದೇ ಹೆಸರು ಎಲ್ಲ ಪಟ್ಟಿಯಲ್ಲೂ ಮತ್ತೆ ಮತ್ತೆ ಸಿಕ್ಕಿದರೆ ಪಟ್ಟಿ ಹೆಚ್ಚುಕಡಿಮೆ ಪೂರ್ತಿಯಾಗಿದೆ ಎಂದರ್ಥ. ಒಂದಕ್ಕೊಂದು ತಾಳೆಯೇ ಆಗದಿದ್ದರೆ ಹೊರಗುಳಿದವರು ಬಹಳ. ಖಾರ್ಟೂಮ್ ರಾಜ್ಯ ಒಂದರಲ್ಲೇ ಮೊದಲ ಹದಿನಾಲ್ಕು ತಿಂಗಳಲ್ಲಿ ಸುಮಾರು 61,000 ಸಾವು, ಅದರಲ್ಲಿ 26,000 ಹಿಂಸೆಯಿಂದ ಎಂಬುದು ಅವರಿಗೆ ಸಿಕ್ಕ ಉತ್ತರ. ಹೆಚ್ಚಿನ ಹೆಸರುಗಳು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅಕ್ಟೋಬರ್ ಕೊನೆಯ ವಾರ ಅವಳು ಓಡಿ ಬಂದಳು. ಕೈಯಲ್ಲಿ ಆ ದಿನದ ಪೇಪರು, ವಿದೇಶ ಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ. ಹದಿನೆಂಟು ತಿಂಗಳ ಮುತ್ತಿಗೆಯ ನಂತರ ದಾರ್ಫುರದಲ್ಲಿ ಸೇನೆಯ ಕೊನೆಯ ನೆಲೆಯಾಗಿದ್ದ ‘ಎಲ್ ಫಾಷರ್’ ನಗರ ಅಕ್ಟೋಬರ್ 26ರಂದು ಅರೆಸೇನಾ ಪಡೆಯ ವಶವಾಯಿತು.

“ಮೇಡಂ, ಎಲ್ ಫಾಷರ್ ಅಂದ್ರೆ ಅಲ್ ಫಶೀರ್!”

ಮೂರು ವಾರ ಅವಳು ಈ ಎರಡನ್ನೂ ಬೇರೆ ಬೇರೆ ಊರೆಂದು ಓದಿಕೊಂಡಿದ್ದಳು. ನಿಜ ಹೇಳಬೇಕೆಂದರೆ ನಾನೂ ಗಮನಿಸಿರಲಿಲ್ಲ. ಇಂಗ್ಲಿಷಿನಿಂದ ಬರುವ ಏಜೆನ್ಸಿ ಸುದ್ದಿಯನ್ನು ಇಳಿಸುವಾಗ ಊರಿನ ಹೆಸರನ್ನು ಅವತ್ತಿನ ಪಾಳಿಯವರಿಗೆ ತೋಚಿದಂತೆ ಬರೆಯುತ್ತೇವೆ. ಡೆಸ್ಕಿನಲ್ಲಿದ್ದಾಗ ನಾನೂ ಹಾಗೇ ಬರೆದವಳು. ಅದರಿಂದಾಗಿ ನಮ್ಮ ಎಣ್ಣೆ ಮಾರುವವರು ಬಾಡಿಗೆಗಿದ್ದ ಊರು ಒಂದು, ನರಕವಾದ ಊರು ಇನ್ನೊಂದು ಆಗಿಬಿಟ್ಟಿತ್ತು.

ಅಲ್-ಫಾಶರ್‌ಗೆ ಮುತ್ತಿಗೆ ಬಿದ್ದದ್ದು 2024ರ ಮೇ ತಿಂಗಳಲ್ಲಿ. ಊರನ್ನು ಕಾದವರಲ್ಲಿ ಸೇನೆಯ ಜೊತೆಗೆ 2003ರಲ್ಲಿ ಅದೇ ಸೇನೆಯ ವಿಮಾನಗಳನ್ನು ಸುಟ್ಟ ಹಳೆಯ ಬಂಡಾಯಗಾರರೂ ಇದ್ದರು. ಪಕ್ಕದ ಜಮ್‌ಜಮ್ ಶಿಬಿರದಲ್ಲಿ ಆ ವರ್ಷ ಆಗಸ್ಟ್ 1ರಂದು ತಜ್ಞರ ಸಮಿತಿ ಕ್ಷಾಮ ಇದೆ ಎಂದು ಹೇಳಿತು. ಕ್ಷಾಮ ಎನ್ನುವ ಪದವನ್ನು ಅವರು ಸುಲಭಕ್ಕೆ ಬಾಯಿಗೆ ತರುವುದಿಲ್ಲ. ನೂರಕ್ಕೆ ಇಪ್ಪತ್ತು ಮನೆಯಲ್ಲಿ ಅನ್ನದ ತೀವ್ರ ಅಭಾವ, ನೂರಕ್ಕೆ ಮೂವತ್ತು ಮಕ್ಕಳಲ್ಲಿ ಮೈ ಕರಗುವಂಥ ಅಪೌಷ್ಟಿಕತೆ, ಹತ್ತು ಸಾವಿರಕ್ಕೆ ದಿನಕ್ಕೆರಡು ಹಸಿವಿನ ಸಾವು: ಈ ಮೂರೂ ಮೆಟ್ಟಿಲು ದಾಟಬೇಕು. ನಮ್ಮ ಅಜ್ಜಿಯರ ಬಾಯಲ್ಲಿ 1876ರ ಧಾತು ಬರ ಕತೆಯಾಗಿ ಉಳಿದಿತ್ತು. ಕತೆಯಾಗಿ ಉಳಿಯುವುದಕ್ಕೂ ಯಾರಾದರೂ ಬದುಕಬೇಕು.

2025ರ ಏಪ್ರಿಲಿನಲ್ಲಿ ಜಮ್‌ಜಮ್ ಮೇಲೆ ದಾಳಿಯಾಯಿತು. ಕೆಲವೇ ದಿನದಲ್ಲಿ ಸುಮಾರು 4 ಲಕ್ಷ ಜನ ಅಲ್ಲಿಂದಲೂ ಎದ್ದರು. ಆ ಮಳೆಗಾಲದಲ್ಲಿ ಅರೆಸೇನಾ ಪಡೆ ಅಲ್-ಫಾಶರ್ ಸುತ್ತ ಜೆಸಿಬಿಯಂಥ ಯಂತ್ರ ತಂದು ಮಣ್ಣಿನ ಏರಿ ಹಾಕಿತು. ನಾವು ನೀರು ನಿಲ್ಲಲೆಂದು ಏರಿ ಹಾಕುತ್ತೇವೆ. ಇದು ಜನ ಹೊರಗೆ ಹೋಗದಂತೆ, ಕಾಳು ಒಳಗೆ ಬಾರದಂತೆ ಕಟ್ಟಿದ್ದು. ಆಗಸ್ಟ್ ಕೊನೆಗೆ ಮೂವತ್ತು ಕಿಲೋಮೀಟರಿಗೂ ಉದ್ದವಾಗಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಉಪಗ್ರಹ ಚಿತ್ರಗಳಲ್ಲಿ ಅದು ಬೆಳೆಯುವುದನ್ನು ಅಳೆಯುತ್ತ ಕೂತಿತ್ತು. ಒಳಗೆ ಸುಮಾರು 2.6 ಲಕ್ಷ ಜನ.

ಅವರು ಏನು ತಿಂದರು ಎನ್ನುವ ಪುಟದಲ್ಲಿ ಹುಡುಗಿ ನಿಂತುಬಿಟ್ಟಳು. ‘ಅಂಬಾಝ್’ ಎಂಬ ಪದ. ಪಶು ಆಹಾರ ಎಂದಷ್ಟೇ ಇಂಗ್ಲಿಷ್ ವರದಿಯಲ್ಲಿತ್ತು. ಇನ್ನಷ್ಟು ಹುಡುಕಿದಾಗ ಗೊತ್ತಾಯಿತು: ಶೇಂಗಾ ಗಾಣಕ್ಕೆ ಹಾಕಿ ಎಣ್ಣೆ ತೆಗೆದ ಮೇಲೆ ಉಳಿಯುವುದು.

“ಇದು ನಮ್ಮನೆ ಎಮ್ಮೆಗೆ ನೆನೆಸಿ ಇಡೋ ಹಿಂಡಿ ಅಲ್ವಾ ಮೇಡಂ?”

ಹಿಂಡಿಯೇ. ಕೊನೆಕೊನೆಗೆ ಅದೂ ಸಿಗದಾಯಿತು. ವಿದೇಶಿ ಪತ್ರಕರ್ತರಿಗೆ ಆ ವಾಕ್ಯ ಬರೆಯಲು ‘ಪಶು ಆಹಾರ’ ಎಂಬ ಒಣ ಪದ ಸಾಕು. ಬೆಳಗ್ಗೆ ಎದ್ದು ಹಿಂಡಿ ನೆನೆಸಿದ ಕೈಗೆ ಅದರ ವಾಸನೆ, ಒರಟು, ಜಿಡ್ಡು ಎಲ್ಲ ಗೊತ್ತು. ಅವಳು ಆ ಪುಟವನ್ನು ಮತ್ತೆ ಬರೆದಳು. ನನಗೆ ತಿದ್ದಲು ಏನೂ ಸಿಗಲಿಲ್ಲ.

ಅನ್ನದ ಮಾತು ಬಂದ ಮೇಲೆ ಇನ್ನೊಂದು ಹೇಳದೆ ಇರಲಾರೆ. ಸುಡಾನಿನ ಜನರ ಮುಖ್ಯ ಧಾನ್ಯ ಜೋಳ. ಜೋಳದ ಹಿಟ್ಟು ಹುಳಿ ಬರಿಸಿ ತೆಳ್ಳಗೆ ಎರೆದ ‘ಕಿಸ್ರಾ’, ನಮ್ಮ ಮುದ್ದೆಯ ಹತ್ತಿರದ ನೆಂಟ ‘ಅಸೀದಾ’. ಜೋಳವನ್ನು ಮನುಷ್ಯ ಒಲಿಸಿಕೊಂಡ ಅತಿ ಹಳೆಯ ಗುರುತು ಈವರೆಗೆ ಸಿಕ್ಕಿರುವುದು ಪೂರ್ವ ಸುಡಾನಿನಲ್ಲಿ, ಕಸ್ಸಲಾ ಸೀಮೆಯ ಐದು ಸಾವಿರ ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ಒತ್ತಿದ ಕಾಳಿನ ಅಚ್ಚಿನಲ್ಲಿ. ಅಲ್ಲಿಂದ ಕಡಲು ದಾಟಿ ಬಂದ ಕಾಳು ನಮ್ಮ ಎರೆಮಣ್ಣಿನಲ್ಲಿ ಬೇರೂರಿತು. ಒಡೆಯನ ಜೋಳ ಉಂಡ ಋಣಕ್ಕೆ ಹಳಗನ್ನಡದವರು ‘ಜೋಳದಪಾಳಿ’ ಎಂದು ಹೆಸರಿಟ್ಟು, ಅದಕ್ಕಾಗಿ ಪ್ರಾಣ ಕೊಡುವವರನ್ನು ಕಾವ್ಯದಲ್ಲಿ ಹೊಗಳಿದರು. ಆ ಋಣದ ಲೆಕ್ಕ ಇಷ್ಟು ದೂರ ಹೋಗುತ್ತದೆಯೋ ಇಲ್ಲವೋ ಪಂಡಿತರು ಹೇಳಲಿ.

ಸಂಬಂಧ ಹುಡುಕಹೊರಟರೆ ಇಷ್ಟಕ್ಕೇ ನಿಲ್ಲುವುದಿಲ್ಲ. 1953ರಲ್ಲಿ ಸುಡಾನಿನ ಮೊದಲ ಚುನಾವಣೆ ನಡೆಸಿಕೊಟ್ಟದ್ದು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ಸುಡಾನಿನ ವಿದ್ಯಾರ್ಥಿಗಳು ದಶಕಗಳಿಂದ ಓದುತ್ತಿದ್ದಾರೆ. ನಾವು ಕುಡಿಯುವ ತಂಪು ಪಾನೀಯದಲ್ಲಿ ಬೆರೆಸಿದ್ದು ತಳಕ್ಕೆ ಕೂರದಂತೆ ಹಿಡಿಯುವ ಅರಬಿ ಗೋಂದಿನ ದೊಡ್ಡ ಪಾಲು ಸುಡಾನಿನ ಜಾಲಿ ಜಾತಿಯ ಮರಗಳದ್ದು.

ಊರು ಬಿದ್ದ ದಿನಗಳಲ್ಲಿ ಆದದ್ದನ್ನು ವಿವರಿಸುವುದಿಲ್ಲ. ಕೊಂದವರೇ ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚಿದರು. ಅವಳಿಗೆ ಅವನ್ನು ನೋಡಬೇಡ ಎಂದೆ. ನೋಡಿಯಾಗಿತ್ತು. ಸೌದಿ ಹೆರಿಗೆ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ರೋಗಿಗಳು ಮತ್ತು ಅವರ ಕಡೆಯವರನ್ನು ಕೊಂದ ವರದಿಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನೆಲದ ಮೇಲಿನ ಕೆಂಪು ಕಲೆಗಳು ಉಪಗ್ರಹದ ಚಿತ್ರದಲ್ಲೂ ಕಂಡವು. ತಪ್ಪಿಸಿಕೊಂಡವರು ಸುಮಾರು ಅರವತ್ತು ಕಿಲೋಮೀಟರ್ ಆಚೆಯ ತವೀಲಾಕ್ಕೆ ನಡೆದರು. ಒಳಗಿದ್ದವರ ಸಂಖ್ಯೆಗೆ ಹೋಲಿಸಿದರೆ ಅಲ್ಲಿಗೆ ಮುಟ್ಟಿದವರು ತೀರ ಕಡಿಮೆ ಎನ್ನುವುದೇ ನೆರವಿನ ಕೆಲಸದವರನ್ನು ಬೆಚ್ಚಿಬೀಳಿಸಿದ್ದು. ತಾಯಿ ಜೊತೆಗಿಲ್ಲದ ಮಕ್ಕಳು ಬಂದರು.

ತವೀಲಾದಂಥ ಕಡೆ ಮೊದಲು ಒಲೆ ಹಚ್ಚಿದವರಲ್ಲಿ ಹೊರಗಿನ ದೊಡ್ಡ ಸಂಸ್ಥೆಗಳಿಗಿಂತ ಮುಂದೆ ಇದ್ದವರು ಸುಡಾನಿನವರೇ. 2019ರ ಚಳವಳಿಯ ಗಲ್ಲಿ ಸಮಿತಿಗಳ ಹುಡುಗ ಹುಡುಗಿಯರು ಯುದ್ಧ ಬಂದಾಗ ‘ತುರ್ತು ಸ್ಪಂದನ ಕೊಠಡಿ’ಗಳನ್ನು ಕಟ್ಟಿಕೊಂಡರು. ಗಾಯಾಳುಗಳನ್ನು ಸಾಗಿಸಿದರು, ನೀರಿನ ಪಂಪು ರಿಪೇರಿ ಮಾಡಿದರು, ಬೀದಿಯಲ್ಲಿ ಹಂಡೆ ಇಟ್ಟು ಬೇಳೆ, ಜೋಳ ಬೇಯಿಸಿ ಬಡಿಸಿದರು. ಆ ಸಾಮೂಹಿಕ ಅಡುಗೆಮನೆಗೆ ಅವರು ಕರೆಯುವುದು ‘ತಕಿಯಾ’, ಸೂಫಿ ಮಠಗಳಲ್ಲಿ ಬಂದವರಿಗೆಲ್ಲ ಉಣಬಡಿಸುವ ಸಂಪ್ರದಾಯದ ಪದ. ನಮ್ಮ ದಾಸೋಹವೇ. ಇಡೀ ವ್ಯವಸ್ಥೆಯ ಬೇರು ‘ನಫೀರ್’ ಎಂಬ ಹಳ್ಳಿಯ ರೂಢಿಯಲ್ಲಿದೆ: ಒಬ್ಬರ ಮನೆಯ ಸೂರು, ಕೊಯ್ಲು ಎಲ್ಲರೂ ಕೂಡಿ ಮಾಡಿಕೊಡುವುದು. ಅದನ್ನು ಹೇಗೆ ವಿವರಿಸಲಿ ಎಂದು ಅವಳು ಅರ್ಧ ಪುಟ ಒದ್ದಾಡಿದ್ದಳು. ಮುಯ್ಯಾಳು ಎಂದು ಬರೆ, ಸಾಕು ಎಂದೆ. 2025ರ ಆರಂಭದಲ್ಲಿ ಅಮೆರಿಕದ ನೆರವು ಒಮ್ಮೆಗೇ ನಿಂತಾಗ ಇಂಥ ನೂರಾರು ಅಡುಗೆಮನೆಗಳ ಒಲೆ ಆರಿತು. ಅದೇ ವರ್ಷ ಈ ಕೊಠಡಿಗಳಿಗೆ ನಾರ್ವೆಯ ರಾಫ್ಟೊ ಪ್ರಶಸ್ತಿಯೂ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂದವು.

ನವೆಂಬರಿನಲ್ಲಿ ಅವಳು ತರಗತಿಯ ಮುಂದೆ ವರದಿ ಓದಿದಳು. ಒಬ್ಬ ಹುಡುಗ ಎದ್ದು, ಇದರಲ್ಲಿ ಯಾರು ಒಳ್ಳೆಯವರು ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ. ಉಕ್ರೇನ್, ಗಾಜಾ ಎಂದಾಗ ಜನ ತಮಗೆ ಬೇಕಾದ ಪಕ್ಷ ಹಿಡಿದು ಜಗಳವಾಡುತ್ತಾರೆ, ಜಗಳದಿಂದ ಸುದ್ದಿ ಬದುಕುತ್ತದೆ. ಸೇನೆಯೂ ಸಂತೆಗಳ ಮೇಲೆ ಬಾಂಬು ಹಾಕಿದೆ, ಅನ್ನದ ಲಾರಿ ಬರುವ ಅದ್ರೆಯ ಗಡಿಯನ್ನು 2024ರಲ್ಲಿ ಆರು ತಿಂಗಳು ಮುಚ್ಚಿಸಿತ್ತು. ಇಂಥ ಕಡೆ ಯಾರ ಬಾವುಟ ಹಿಡಿಯುವುದು? ಪತ್ರಕರ್ತರಿಗೆ ವೀಸಾ ಇಲ್ಲ, ತಿಂಗಳುಗಟ್ಟಲೆ ಫೋನ್ ಇಲ್ಲ ಎಂಬ ಕಾರಣಗಳೂ ನಿಜವೇ. ಆದರೆ ನಮ್ಮ ಫೈಲಿನ ಮಟ್ಟಿಗೆ ಕಾರಣ ಇಷ್ಟು ದೊಡ್ಡದಲ್ಲ. ನಮ್ಮವರು ಊರಿಗೆ ಬಂದರು, ನಾವು ಫೈಲು ಮುಚ್ಚಿದೆವು.

ಅವಳು ಹುಡುಗನಿಗೆ ಉತ್ತರವಾಗಿ ತಕಿಯಾದ ಪುಟವನ್ನು ಇನ್ನೊಮ್ಮೆ ಓದಿ ಕೂತಳು.

ಕಟಿಂಗ್ ಫೈಲನ್ನು ವಾಪಸ್ ಇಡಲು ಹೋದಾಗ ನೋಡಿದೆ. ಗ್ರಂಥಾಲಯದ ಕಾಗದದ ಮೇಲೆ ಬರೆಯಬಾರದು ಎಂಬ ನಿಯಮ ಅವಳಿಗೆ ಗೊತ್ತು. ಆದರೂ 2023ರ ಆ ಹಳೆ ಕಟಿಂಗ್‌ನ ಅಂಚಿನಲ್ಲಿ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದಳು: “ಅಲ್ ಫಶೀರ್, ಎಲ್ ಫಾಷರ್, ಅಲ್-ಫಾಶರ್, ಎಲ್ಲ ಒಂದೇ ಊರು. 2025 ಅಕ್ಟೋಬರ್ 26ರ ನಂತರದ ಪೇಪರು ನೋಡಿ.”